ನೀರುನಾಯಿ ನಲವತ್ತೊಂದು, ನೀರುಬೆಕ್ಕು ಹದಿನೇಳು

ಕಳೆದ ತಿಂಗಳು ಗಡಹಿಂಗ್ಲಜದಲ್ಲಿ ಬೇರೊಂದು ಕೆಲಸ ಬೇಗ ಮುಗಿಯಿತು. ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಮಹಾಗಾಂವದ ಕಡೆಗೆ ಹೋಗುವ ಟೆಂಪೊ ಹತ್ತಿ, ಹೊಳೆಯ ದಾರಿಗೆ ಇಳಿದೆ. ಹಿರಣ್ಯಕೇಶಿ ಹೊಳೆಗೆ ಅಡ್ಡ ಕಟ್ಟಿದ ಬಂಧಾರೆಯ ಕೆಳಗೆ ನೀರು ಇಳಿದು ಬಂಡೆಗಳು ಮೇಲೆದ್ದಿದ್ದವು. ದಂಡೆ ಕಾಣುವ ಮೊದಲೇ ವಾಸನೆ ಬಂತು. ಕೊಳೆತ ಮೀನು, ನೆನೆಹಾಕಿ ಮರೆತ ಅಕ್ಕಿ, ಅದರೊಳಗೆಲ್ಲೋ ಚೂರು ಸೀಗೆಕಾಯಿ. ನೀರುನಾಯಿಗಳು ದಿನವೂ ಅದದೇ ಬಂಡೆಗೆ ಬಂದು ಹಿಕ್ಕೆ ಹಾಕುತ್ತವೆ. ಒಣಗಿದ ಮೇಲೆ ಅದರಲ್ಲಿ ಮೀನಿನ ಹುರುಪೆ ಅಭ್ರಕದ ಹಾಗೆ ಹೊಳೆಯುತ್ತದೆ. ಕುಕ್ಕರಗಾಲಿನಲ್ಲಿ ಕೂತು ಎಣಿಸಿದೆ. ಹೊಸವು ಮೂರು, ಹಳೆಯವು ಐದು.

ಎರಡು ವರ್ಷದ ಹಿಂದೆ, ಫೆಬ್ರುವರಿ 3ರಿಂದ ಏಪ್ರಿಲ್ 30ರವರೆಗೆ, ನಾನೂ ರೇವಣಸಿದ್ಧನೂ ಇದೇ ದಂಡೆಯ ಮೇಲೆ ಅರವತ್ತೆಂಟು ದಿನ ಕೂತಿದ್ದೆವು. ಕೊಲ್ಹಾಪುರದಲ್ಲಿ ಕಾಡುಪ್ರಾಣಿಗಳ ಚಿತ್ರ ತೆಗೆಯುವ ಸರ್ ಒಬ್ಬರ ಬಳಿ ಇಬ್ಬರೂ ಕೆಲಸ ಕಲಿಯುತ್ತಿದ್ದೆವು. ಆ ಜೂನ್‌ನಲ್ಲಿ ಸರ್ ಆಫ್ರಿಕಾದ ಜಾಂಬಿಯಾಕ್ಕೆ ಹೊರಟಿದ್ದರು. ಅಲ್ಲಿನ ಒಂದು ನದಿಯ ದಂಡೆಯಲ್ಲಿ ಮರೆ ಕಟ್ಟಿಕೊಂಡು, ಅದರೊಳಗೆ ಅಡಗಿ ಕೂತು, ನೀರಿಗೆ ಬರುವ ಪ್ರಾಣಿಗಳನ್ನು ಮೂರೂವರೆ ತಿಂಗಳು ಚಿತ್ರಿಸುವ ಕೆಲಸ. ಜತೆಗೆ ಒಬ್ಬ ಸಹಾಯಕರನ್ನು ಕರೆದುಕೊಂಡು ಹೋಗಬಹುದಿತ್ತು. ಒಬ್ಬರನ್ನು ಮಾತ್ರ. ನಮ್ಮಿಬ್ಬರಲ್ಲಿ ಅದು ಯಾರು ಎನ್ನುವುದು ಈ ಬಂಡೆಗಳ ಮುಂದೆ ತೀರ್ಮಾನವಾಗಬೇಕಿತ್ತು.

ನಾನು ಇವತ್ತಿನವರೆಗೂ ಆಫ್ರಿಕಾ ನೋಡಿಲ್ಲ. ಓದುವವರು ಸುಮ್ಮನೆ ಕಾಯುವುದು ಬೇಡವೆಂದು ಮೊದಲೇ ಹೇಳಿಬಿಡುತ್ತೇನೆ.

ಮರೆಯನ್ನು ಕಟ್ಟಿದ್ದು ರೇವಣನ ಮನೆಯವರ ಕಬ್ಬಿನ ಹೊಲದ ಅಂಚಿನಲ್ಲಿ. ಒಬ್ಬರು ಕೂರುವಷ್ಟು ಜಾಗ. ಬಿದಿರಿನ ಗಳ, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಕಬ್ಬು ಕಡಿದ ಮೇಲೆ ಉಳಿಯುವ ಒಣ ಸೋಗೆ. ಇಚಲಕರಂಜಿಯಲ್ಲಿ ನನ್ನ ಅಪ್ಪ ಮಗ್ಗ ರಿಪೇರಿ ಮಾಡುವ ಜಾಬರ್. ಯಾವುದೋ ಕಾರಖಾನೆಯಲ್ಲಿ ನೇಯ್ಗೆ ಕೆಟ್ಟು ಪಕ್ಕಕ್ಕೆ ಬಿದ್ದಿದ್ದ ಮಾಂಜರಪಾಟದ ಬಟ್ಟೆಯನ್ನು ಅವನೇ ತಂದುಕೊಟ್ಟಿದ್ದ. ಒರಟು, ಬಿಳುಪು ಮಾಡದ ಬಟ್ಟೆ. ಗಂಜಿಯ ವಾಸನೆ ಹೋಗಲೆಂದು ನಾನು ಮೂರು ಸಲ ಹೊಳೆಯಲ್ಲಿ ಜಾಲಾಡಿಸಿದ್ದೆ. ಶಿರೋಳಿಯ ಫೌಂಡ್ರಿಯಲ್ಲಿರುವ ಅಣ್ಣ ಕ್ಯಾಮೆರಾ ಕೂರಿಸಲು ಒಂದು ಕಬ್ಬಿಣದ ಗೂಟ ಮಾಡಿಕೊಟ್ಟ. ಮೇಲೆ ತಿರುಗುವ ತಲೆ, ಕೆಳಗೆ ಮಣ್ಣಿಗೆ ಹೊಗಿಸುವ ಚೂಪು.

"ಮರಿಯಾಗ ಕುಂತು ಮರಿ ನೋಡೂದು," ಎಂದು ರೇವಣ ಮೊದಲ ದಿನವೇ ನಕ್ಕ. ಅವನ ಬಾಯಲ್ಲಿ ಮರೆಯೂ ಮರಿಯೇ.

ಒಂದು ದಿನ ನಾನು ಒಳಗೆ, ಒಂದು ದಿನ ಅವನು. ಹೊರಗಿದ್ದವರು ಮೇಲಿನ ಒಡ್ಡಿನ ಮೇಲೆ, ಪಂಪಿನ ಮನೆಯ ನೆರಳಲ್ಲಿ ಕೂತು ದೂರದಿಂದ ನೋಡಬೇಕು. ನಾನು ಗಡಹಿಂಗ್ಲಜದಲ್ಲಿ ಅವ್ವನ ತಂಗಿ ಮಾವಶಿಯ ಮನೆಯಲ್ಲಿದ್ದು ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದೆ. ಸರ್ ಒಂದು ರಜಿಸ್ಟರ್ ಕೊಟ್ಟಿದ್ದರು. ಅದಕ್ಕೊಂದು ನಿಯಮ: ದಿನದ ಪುಟವನ್ನು ಒಬ್ಬರು ಬರೆಯಬೇಕು, ಇನ್ನೊಬ್ಬರು ಓದಿ ಸಹಿ ಮಾಡಬೇಕು.

ಬರೆಯುವುದು ಯಾವಾಗಲೂ ನಾನೇ. ಅವನ ಸರದಿಯ ದಿನವೂ ಅವನು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. "ನೀನ ಬರಿಯವಾ, ನನ್ನ ಅಕ್ಷರ ಕೋಳಿ ಕೆದರಿದಂಗ ಇರತಾವು," ಎನ್ನುತ್ತಿದ್ದ. ನಾನು ಏಳನೆಯ ಇಯತ್ತೆಯವರೆಗೆ ಚಿಕ್ಕೋಡಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತವಳು. ದಿನಚರಿ ಬರೆಯುವುದು ಅಲ್ಲಿಂದ ಅಂಟಿದ ಚಾಳಿ, ಕನ್ನಡದಲ್ಲೇ. ರಜಿಸ್ಟರನ್ನೂ ಹಾಗೇ ಬರೆದೆ. ತಾರೀಖು, ವೇಳೆ, ಗಾಳಿ, ನೀರಿನ ಮಟ್ಟ, ಪ್ರಾಣಿ, ಎಷ್ಟು, ಎಷ್ಟು ಹೊತ್ತು. ಸಂಜೆ ಪುಟವನ್ನು ಅವನ ಮುಂದೆ ಹಿಡಿದರೆ, ಕಣ್ಣನ್ನು ಮೇಲಿನಿಂದ ಕೆಳಗೆ ಆಡಿಸಿ "ಛಲೋ ಐತಿ" ಎಂದು ಮೂಲೆಯಲ್ಲಿ ಸಹಿ ಗೀಚುತ್ತಿದ್ದ.

ಹೊಟ್ಟೆಕಿಚ್ಚು ಆಫ್ರಿಕಾದಿಂದ ಶುರುವಾದದ್ದಲ್ಲ. ಫೆಬ್ರುವರಿಯ ಎರಡನೆಯ ವಾರಕ್ಕೇ ಶುರುವಾಗಿತ್ತು. ನಾನು ಉಸಿರು ಬಿಗಿಹಿಡಿದು ಕೂತ ದಿನ ಬರೀ ಬೆಳ್ಳಕ್ಕಿ. ಅವನು ಕೂತ ದಿನ ನೀರುನಾಯಿಗಳು ಗುಂಪಾಗಿ ಬಂದು, ಬಂಡೆಯ ಮೇಲೆ ಮೈ ಒರೆಸಿಕೊಂಡು, ಮೀನನ್ನು ತಲೆಯ ಕಡೆಯಿಂದ ಕರಕರ ಕಡಿದು ತಿಂದು ಹೋಗುತ್ತಿದ್ದವು. ಅದೂ ಅವನು ನಿದ್ದೆ ಮಾಡುತ್ತಿದ್ದಾಗ! ನಾನು ಒಡ್ಡಿನ ಮೇಲಿಂದಲೇ ಅವನ ಗೊರಕೆ ಕೇಳಿದ್ದೇನೆ. ಅವು ಸಿಳ್ಳೆ ಹಾಕಿದ ಕೂಡಲೇ ಗೊರಕೆ ನಿಲ್ಲುತ್ತಿತ್ತು, ಕ್ಯಾಮೆರಾದ ಕೆಂಪು ದೀಪ ಹತ್ತುತ್ತಿತ್ತು.

"ನಿದ್ದಿ ಮಾಡಿದ್ರೂ ಹೆಂಗೋ ಸಿಗತಾವಲ್ಲೋ ನಿನಗ?" ಎಂದು ಕೇಳಿದೆ.

"ನೀ ಅವಕ್ಕ ಹಾಜರಿ ಹಾಕಾಕ ಕುಂತಿರತಿ. ಸಾಲಿ ಅಂತ ತಿಳಕೊಂಡು ತಪ್ಪಸ್ತಾವ," ಎಂದ.

ಅವನ ಅವ್ವ ಬುತ್ತಿ ತಂದಿದ್ದರು. ಅವರೂ ನಕ್ಕರು. ನಾನು ನಗಲಿಲ್ಲ. ಆ ದಿನದ ದಿನಚರಿಯಲ್ಲಿ ಹೀಗಿದೆ: "ಫೆ. 14. ನಾನು 0. ಅವನು 6. ಗಾಳಿ ಇಬ್ಬರಿಗೂ ಒಂದೇ."

ಸರ್ ಇನ್ನೊಂದು ಮಾತು ಹೇಳಿದ್ದರು. ದಂಡೆಯ ಜನ ಏನೇನು ಕಂಡಿದ್ದಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಇದು ನನಗೆ ಹೇಳಿ ಮಾಡಿಸಿದ ಕೆಲಸ. ಬಂಧಾರೆಯ ಮೇಲ್ಗಡೆ ಎಮ್ಮೆ ಕಾಯುವವರು ನಮ್ಮ ಮಾತಿನವರು. ಅವರು "ನೀರ್ನಾಯಿ ಬಂದಿದ್ದುವು" ಎನ್ನುತ್ತಿದ್ದರು. ರಜಿಸ್ಟರಿನ ನೀರುನಾಯಿ ಸಾಲಿನಲ್ಲಿ ಒಂದು ಗೆರೆ ಹಾಕುತ್ತಿದ್ದೆ. ಕೆಳಗಡೆ ಬಲೆ ಬೀಸುವವರು ಮರಾಠಿ ಮಾತಿನವರು. ಮಾರ್ಚ್ 6ರಂದು ಅವರಲ್ಲೊಬ್ಬ ಮುದುಕ ಹರಿದ ಬಲೆ ಎತ್ತಿ ತೋರಿಸಿದ.

"ಕಾಲ ಪಾಣಮಾಂಜರ ಆಲಂ ಹೋತಂ. ಜಾಳಂ ಫಾಡೂನ ಗೇಲಂ."

ಪಾಣಮಾಂಜರ. ಪಾಣಿ ಎಂದರೆ ನೀರು, ಮಾಂಜರ ಎಂದರೆ ಬೆಕ್ಕು; ನಿನ್ನೆ ನೀರಿನ ಬೆಕ್ಕು ಬಂದು ಬಲೆ ಹರಿದು ಹೋಗಿತ್ತು. ನಾನು ಮಗ್ಗದ ಊರಿನವಳು. ನಮ್ಮಲ್ಲಿ ಬೆಕ್ಕೆಂದರೆ ನೂಲಿನ ಉಂಡೆಯ ಮೇಲೆ ಮಲಗುವುದು. ಮೀನು ಹಿಡಿಯುವ ಕಾಡುಬೆಕ್ಕು ಎಂಬುದೊಂದು ಇದೆ, ಅದು ಬಹಳ ಅಪರೂಪ ಎಂದು ಮೊಬೈಲಿನಲ್ಲಿ ಓದಿದ್ದೆ. ಅದು ಇಲ್ಲಿ, ಈ ಹೊಳೆಯಲ್ಲಿ, ಇದೆ! ಅಂದೇ ರಜಿಸ್ಟರಿನಲ್ಲಿ ಹೊಸ ಸಾಲು ಎಳೆದು "ನೀರುಬೆಕ್ಕು" ಎಂದು ಬರೆದೆ. ಆಮೇಲೆ ಕೆಳಗಿನವರನ್ನು ವಾರಕ್ಕೆ ಎರಡು ಸಲ ಕೇಳತೊಡಗಿದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಅವರು ಹೇಳಿದ್ದು ಹದಿನಾಲ್ಕು ಸಲ. ನಾನೇ ಕಂಡದ್ದು ಮೂರು. ನೀರಿನ ಮೇಲೆ ತಲೆ ಮಾತ್ರ ಕಂಡಾಗ ದುಂಡು ಮುಖ, ಮೀಸೆ, ಸಣ್ಣ ಕಿವಿ. ಅದು ಬೆಕ್ಕಲ್ಲದೆ ಮತ್ತೇನು? ಮೈಯೆಲ್ಲ ಕಂಡ ದಿನ ನೀರುನಾಯಿ, ತಲೆಯಷ್ಟೇ ಕಂಡ ದಿನ ನೀರುಬೆಕ್ಕು. ಎಷ್ಟು ಶಿಸ್ತಿನಿಂದ ಬರೆದಿದ್ದೇನೆಂದರೆ, ಇವತ್ತು ನೋಡಿದರೆ ಮೈಯೆಲ್ಲ ನಾಚುತ್ತದೆ.

ಇದನ್ನು ರೇವಣನ ಹತ್ತಿರ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಅವನಿಗೆ ನೀರುನಾಯಿಗಳು ತಾವಾಗಿಯೇ ಬರುತ್ತಿದ್ದವು. ಬೆಕ್ಕಾದರೂ ನನ್ನದಿರಲಿ ಎಂದುಕೊಂಡೆ. ನಿಯಮದಂತೆ ಪುಟ ತೋರಿಸುವಾಗ ಆ ಸಾಲಿನ ಮೇಲೆ ಹೆಬ್ಬೆರಳು ಇಡಬೇಕೆನಿಸುತ್ತಿತ್ತು. ಇಡಲಿಲ್ಲ, ನಿಯಮ ನಿಯಮವೇ. ಅವನು ನೋಡಿ ಏನೂ ಕೇಳದೆ ಸಹಿ ಮಾಡಿದ. ಇದರ ಬೆಲೆ ಈ ಹಳ್ಳಿಯ ಹುಡುಗನಿಗೆ ತಿಳಿಯಲಿಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.

ಮೇ 2ರಂದು ಕೊಲ್ಹಾಪುರದಲ್ಲಿ ಸರ್ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಮೊದಲು ರೇವಣ ತನ್ನ ಒಂದು ನಿಮಿಷದ ಚಿತ್ರ ತೋರಿಸಿದ. ತಾಯಿ ನೀರುನಾಯಿ ಮರಿಯ ಕತ್ತು ಹಿಡಿದು ನೀರಿಗೆ ಎಳೆಯುತ್ತದೆ, ಮರಿ ಬಂಡೆಯನ್ನು ಅಪ್ಪಿ ಬಿಡುವುದಿಲ್ಲ. ಅಷ್ಟೇ. ಸರ್ ಅದನ್ನು ಎರಡು ಸಲ ನೋಡಿದರು. ನಂತರ ರಜಿಸ್ಟರ್ ಕಡೆ ಕೈ ತೋರಿಸಿದರು. ಅವರ ಮನೆಮಾತೂ ಕನ್ನಡವೇ, ಅಕ್ಷರವೂ ಬರುತ್ತದೆ. ಆದರೂ "ಕನ್ನಡಕಾ ತಂದಿಲ್ಲ, ನೀನ ಓದವಾ" ಎಂದರು.

ಎದ್ದು ನಿಂತು ಓದಿದೆ. "ನೀರುನಾಯಿ ನಲವತ್ತೊಂದು ಸಲ. ನೀರುಬೆಕ್ಕು ಹದಿನೇಳು ಸಲ."

"ನೀರುಬೆಕ್ಕು? ಅದ್ಯಾವುದವಾ?"

"ಪಾಣಮಾಂಜರ, ಸರ್," ಎಂದೆ. ಆ ಕ್ಷಣಕ್ಕಾಗಿ ಎಂಟು ವಾರ ಕಾದಿದ್ದೆ.

ರೇವಣ ನಕ್ಕ. ಸಣ್ಣ ನಗೆಯಲ್ಲ, ಬಾಯಲ್ಲಿದ್ದ ಚಹಾ ಮೂಗಿಗೇರಿ, ಕುರ್ಚಿ ಹಿಂದೆ ವಾಲಿ, ಗೋಡೆ ಹಿಡಿದುಕೊಂಡು ನಕ್ಕ.

ಸರ್ ಮೆತ್ತಗೆ ಹೇಳಿದರು: "ಅಗಂ ಸುಜಾತಾ, ಪಾಣಮಾಂಜರ ಮ್ಹಣಜೇಚ ನೀರ್ನಾಯಿ. ಕನ್ನಡದಾಗ ನಾಯಿ, ಮರಾಠಿಯಾಗ ಬೆಕ್ಕು. ಜೀವ ಒಂದ."

ಎರಡು ಭಾಷೆ ಬಾಯಲ್ಲಿ ಆಡಿಕೊಂಡು ಬೆಳೆದವಳು ನಾನು. ಅಂಗಡಿಗೆ ಹೋದರೆ ಒಂದು, ಮನೆಗೆ ಬಂದರೆ ಇನ್ನೊಂದು. ಒಂದೇ ಪ್ರಾಣಿಯನ್ನು ಒಂದು ಮಾತಿನಲ್ಲಿ ನಾಯಿ ಮಾಡಿ, ಇನ್ನೊಂದರಲ್ಲಿ ಬೆಕ್ಕು ಮಾಡಿ, ಎರಡು ಸಾಲಿನಲ್ಲಿ ನಿಲ್ಲಿಸಿ ಹಾಜರಿ ಕರೆದಿದ್ದೆ. ರೇವಣ ಕಣ್ಣು ಒರೆಸಿಕೊಳ್ಳುತ್ತ, "ಮಾಂಜರಪಾಟದಾಗ ಕುಂತವರಿಗೆ ಎಲ್ಲಾ ಮಾಂಜರನ ಕಾಣತೈತಿ, ಸರ್," ಎಂದ. ಸರ್ ಕೂಡ ತಡೆಯಲಾರದೆ ನಕ್ಕರು.

ಆ ಸಂಜೆಯೇ ತೀರ್ಮಾನವಾಯಿತು. ಅವನು ಹೋಗುವುದು. ನಾನು ಕೊಲ್ಹಾಪುರದಲ್ಲಿದ್ದು ಹಳೆಯ ಚಿತ್ರಗಳಿಗೆ ಹೆಸರು, ನಂಬರು ಹಾಕುವುದು. ಸರ್ ಇದನ್ನು ಬಹುಮಾನ ಕೊಡುವವರ ಹಾಗೆ ಹೇಳಿದರು. ಹೊರಡುವ ಮುನ್ನ ರೇವಣ ಅಣ್ಣನ ಕಬ್ಬಿಣದ ಗೂಟ ಕೇಳಿದ, ಕೊಟ್ಟೆ. ಶಿರೋಳಿಯ ಕಬ್ಬಿಣ ಆಫ್ರಿಕಾಕ್ಕೆ ಹೋಯಿತು, ನಾನು ಹೋಗಲಿಲ್ಲ.

ಆ ಮಳೆಗಾಲವನ್ನು ನಾನು ಅವನ ವಾಯ್ಸ್ ಮೆಸೇಜುಗಳಲ್ಲಿ ಎಣಿಸಿದ್ದೇನೆ. ಜೂನ್ 11ರಿಂದ ಸೆಪ್ಟೆಂಬರ್ 20ರವರೆಗೆ ಬಂದದ್ದು ಅರವತ್ತಮೂರು. ನಾನು ಉತ್ತರ ಕಳಿಸಿದ್ದು ಒಂಬತ್ತು. ಕೊಲ್ಹಾಪುರದಲ್ಲಿ ಮಳೆ ಹಿಡಿದರೆ ಬಿಡದು. ಸ್ಟುಡಿಯೋದ ಗೋಡೆಗೆ ಬೂಸು ಬಂದಿತ್ತು; ಕೊಡೆ ಒಣಗಲು ಜಾಗವಿಲ್ಲದೆ ಕಂಪ್ಯೂಟರಿನ ಪಕ್ಕ ತೊಟ್ಟಿಕ್ಕುತ್ತಿತ್ತು. ಆ ತೊಟ್ಟಿಕ್ಕುವ ಸದ್ದಿನಲ್ಲಿ ಅವನ ದನಿ ಕೇಳುತ್ತಿದ್ದೆ, ಅದರ ಹಿಂದೆ ಒಣ ಹುಲ್ಲಿನ ಗಾಳಿ.

"ಸುಜಾತಾ, ಇಲ್ಲಿ ಮರಿ ಅಂದ್ರ ನೆಲದಾಗ ತೆಗ್ಗ ತೋಡತಾರ. ಕುಂತ್ರ ಕಣ್ಣು ನೀರಿನ ಸಮಕ್ಕ ಬರತೈತಿ. ಆನಿ ನೀರ ಕುಡಿಯಾಕ ಬಂದ್ರ ಅದರ ಕಾಲಿನ ಉಗುರ ಎಣಸಬೌದು. ನೀ ಇದ್ದಿದ್ದರ ಎಣಸತಿದ್ದಿ."

"ಇವತ್ತ ಆನಿ ಹೊಟ್ಟಿ ಗುಡುಗುಟ್ಟೂದು ಕೇಳಿದೆ. ಕಿವಿಯಿಂದ ಅಲ್ಲಾ, ಕುಂತ ನೆಲದಿಂದ ಬಂತು. ಗೂಟ ಭಾಳ ಗಟ್ಟಿ ಐತಿ, ಅಣ್ಣಗ ಹೇಳು."

"ನೂರಾರು ಕೆಂಪು ಹಕ್ಕಿ ದಂಡಿ ಮಣ್ಣಾಗ ತೂತ ಕೊರಿಯಾಕತ್ತಾವ. ನಮ್ಮ ಕುಬಸದ ಖಣಕ್ಕ ಇಂಥಾ ಬಣ್ಣ ಇಲ್ಲ ನೋಡು."

ಮತ್ತೊಂದು ದಿನ, ಅದೇ ನಗೆ ಒಳಗಿಟ್ಟುಕೊಂಡು: "ಇಲ್ಲಿ ಮೂವತ್ತು ನೀರಾನಿ ಅದಾವ. ಮರಾಠಿಯಾಗ ಪಾಣಘೋಡಾ. ನೀ ಬರಕೊಳ್ಳೂದಿದ್ದರ ಆನಿ ಮೂವತ್ತು, ಕುದರಿ ಮೂವತ್ತು, ಬ್ಯಾರೆ ಬ್ಯಾರೆ ಬರಕೊ!"

ಅವನು ಬರೀ ತಮಾಷೆ ಮಾಡುತ್ತಿದ್ದ. ನನಗೆ ಮಾತ್ರ ಒಂದೊಂದು ಮಾತೂ ಉಪ್ಪು ಸವರಿದಂತೆ ಆಗುತ್ತಿತ್ತು. ಅವನು ಕಂಡ ಪ್ರಾಣಿಗಳ ಪಟ್ಟಿ ಮಾಡಿದೆ. ಜುಲೈ ಮುಗಿಯುವ ಹೊತ್ತಿಗೆ ಇಪ್ಪತ್ತೆರಡು. ಎದುರಿನ ಸಾಲಿನಲ್ಲಿ ನಾನು ಕಂಡದ್ದು: ಹಲ್ಲಿ, ಪಾರಿವಾಳ, ನೆರೆಯ ನೀರಿನಲ್ಲಿ ಮೆಟ್ಟಿಲು ಹತ್ತಿದ ಒಂದು ಏಡಿ. ಕನ್ನಡಿಯಲ್ಲಿ ನೋಡಿಕೊಂಡರೆ ನನ್ನ ಮುಖವೇ ಹುಳಿಯಾಗಿತ್ತು. ಮಗ್ಗದ ಶೆಡ್ಡಿನಿಂದ ಅಪ್ಪ ಫೋನ್ ಮಾಡಿ, "ಯಾಕವಾ, ದನಿ ಕುಗ್ಗೇತಿ? ಜ್ವರಾ ಬಂದೈತೇನು?" ಎಂದ. ಮಳೆ ಎಂದೆ.

ಆ ದಿನಗಳಲ್ಲಿ ಒಂದು ಯೋಚನೆ ಒಳಗೆ ಹೊಕ್ಕಿತು. ಸಹಿ. ಅರವತ್ತೆಂಟು ಪುಟಕ್ಕೂ ಅವನ ಸಹಿ ಇದೆ. ಹೊಳೆದಂಡೆಯಲ್ಲೇ ಹುಟ್ಟಿದವನಿಗೆ ಪಾಣಮಾಂಜರ ಎಂದರೆ ಏನೆಂದು ಗೊತ್ತಿತ್ತು. "ನೀರುಬೆಕ್ಕು" ಎಂಬ ಸಾಲನ್ನು ಅವನು ಎಂಟು ವಾರ ದಿನವೂ ಓದಿದ್ದಾನೆ, ಓದಿ ಸಹಿ ಮಾಡಿದ್ದಾನೆ. ಗೊತ್ತಿದ್ದೂ ಹೇಳಲಿಲ್ಲ. ಸರ್ ಮುಂದೆ ನಾನು ಬೀಳಲೆಂದೇ ಕಾದಿದ್ದ. ಬಿದ್ದಾಗ ಗೋಡೆ ಹಿಡಿದು ನಕ್ಕ. ಒಮ್ಮೆ ಹೀಗೆ ಅನಿಸಿದ ಮೇಲೆ ನನಗೆ ಎಷ್ಟೋ ಹಗುರವಾಯಿತು. ಹೊಟ್ಟೆಕಿಚ್ಚು ಅಂದರೆ ನಾಚಿಕೆ. ಮೋಸ ಹೋದೆ ಅಂದರೆ ನಾಚಿಕೆಯಿಲ್ಲ.

ಆಗಸ್ಟ್ 2ರಂದು ಅವನಿಗೆ ಉದ್ದನೆಯ ಮೆಸೇಜ್ ಬರೆದೆ, ಕನ್ನಡದಲ್ಲಿ. ನನ್ನ ಒಳಗನ್ನು ನಾನು ಬೇರೆ ಅಕ್ಷರದಲ್ಲಿ ಬರೆಯಲಾರೆ. ನೀನು ಕಳ್ಳ ಎಂದೆ. ಹೊಲ ನಿಮ್ಮದಾದ್ದರಿಂದ, ಹೊಳೆ ನಿಮ್ಮ ಹಿತ್ತಿಲಾದ್ದರಿಂದ ನಿನಗೆ ಎಲ್ಲವೂ ಸಿಕ್ಕಿತು, ನಿನ್ನಲ್ಲಿ ಬೇರೇನೂ ಇಲ್ಲ ಎಂದೆ. ಒಂದು ದಿನವೂ ಒಂದು ಅಕ್ಷರ ಬರೆಯದ ಸೋಮಾರಿ ಎಂದೆ. ಕೊನೆಯಲ್ಲಿ, ಒಂದು ಆನೆ ಬಂದು ನಿನ್ನ ಮರೆಯನ್ನು ನಿನ್ನ ಸಮೇತ ತುಳಿದು ಹೋದರೆ ನನಗೆ ಅಂದು ಹಬ್ಬ ಎಂದೆ. ಕಳಿಸಿಯೂಬಿಟ್ಟೆ.

ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಒಂದು ಹೆಬ್ಬೆರಳಿನ ಚಿತ್ರ ಬಂತು. ಅದರ ಹಿಂದೆಯೇ ದನಿ: "ನೆಟವರ್ಕ ಇರಲಿಲ್ಲ. ಭಾಳ ಉದ್ದ ಬರದೀಯವಾ. ಛಲೋ ಐತಿ. ಹಿಂಗ ಬರೀತಿರು."

ಎಂಥ ನಾಚಿಕೆಗೆಟ್ಟವನು! ವಾರದ ಮೇಲೆ ಇನ್ನೊಂದು ಬಂತು, ಈ ಸಲ ದನಿ ಒಣಗಿತ್ತು. "ಇವತ್ತ ಒಂದು ಹೆಣ್ಣಾನಿ ಬಂದು ನಾ ಕುಂತ ಮರಿ ಮ್ಯಾಲಿನ ಗಳಾ ಕಿತ್ತು ಒಗೀತು. ಸೊಂಡಿ ಒಳಗ ತಂದು ನನ್ನ ತಲಿ ಮೂಸಿ ನೋಡಿತು. ಉಸಿರು ಬಿಸಿ ಇತ್ತು, ಹುಲ್ಲಿನ ವಾಸನಿ. ನಾ ಅಳಾಕತ್ತಿದ್ದೆ, ಸುಜಾತಾ. ಆಮ್ಯಾಲ ಹೋತು." ಮೊದಲು, ಸದ್ಯ ಬದುಕಿದನಲ್ಲ ಎಂದುಕೊಂಡೆ. ಮರುಗಳಿಗೆಯೇ ಬಂದದ್ದು ಬೇರೆ. ಆನೆಯ ಉಸಿರು ಅವನ ತಲೆಯ ಮೇಲೆ! ಅವನ ಭಯದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಶಾಪ ಓದಿಯೂ ಹೀಗೆ ಹೇಳುತ್ತಾನಲ್ಲ ಎಂದು ಉರಿ ಹೆಚ್ಚಿತು.

ಆಗಸ್ಟ್ 24ರಂದು ಮಳೆ ಬಿಡುವು ಕೊಟ್ಟಿತ್ತು. ಮರೆಯ ಬಿದಿರು, ಬಟ್ಟೆ ಅವರ ಪಂಪಿನ ಮನೆಯಲ್ಲಿದ್ದವು. ಬಟ್ಟೆ ಕೊಳೆತಿದೆಯೇ ನೋಡಿಕೊಂಡು ಬಾ ಎಂದು ಸರ್ ಹೇಳಿಕಳಿಸಿದ್ದರಿಂದ ಮಹಾಗಾಂವಕ್ಕೆ ಹೋದೆ. ರೇವಣನ ಅವ್ವ ಚಹಾಕ್ಕೆ ಕೂರಿಸಿ, ಟಿವಿಯ ಮೇಲಿಂದ ಒಂದು ಪತ್ರಿಕೆ ತೆಗೆದು ಕೈಗಿಟ್ಟರು.

"ಇದನ್ನಟ ಓದಿ ಹೇಳವಾ. ಸಂಕೇಶ್ವರದ ಬೀಗರು ಕಳಿಸ್ಯಾರ. ತೊಟ್ಟಿಲದ್ದು ಅನಸ್ತೈತಿ, ಕೂಸಿನ ಚಿತ್ರ ಐತಲ್ಲ. ಯಾವ ತಾರೀಖಂತ?"

ಕನ್ನಡದಲ್ಲಿ ಅಚ್ಚಾಗಿದ್ದ ತೊಟ್ಟಿಲ ಕಾರ್ಯದ ಪತ್ರಿಕೆ. ತಾರೀಖು ಹೇಳಿದೆ. "ರೇವಣ ಇದ್ದಿದ್ದರ ಆವತ್ತ ಓದತಿದ್ದ, ಅಲ್ರಿ ಕಾಕು?" ಎಂದೆ, ಏನೋ ಒಂದು ಮಾತಿಗೆ.

"ಅಂವಾ ಎಲ್ಲಿ ಓದತಾನವಾ! ಮರಾಠಿ ಸಾಲಿ ಕಲತಾನ. ನಮ್ಮನ್ಯಾಗ ಕನ್ನಡ ಅಕ್ಷರ ಒಬ್ಬರಿಗೂ ಬರೂದಿಲ್ಲ. ಮಾತಷ್ಟ ನಮ್ಮದು. ಕೇಳಿದ್ರ ಅಂವಗ ಭಾಳ ನಾಚಿಕಿ, ಬರತೈತಿ ಅಂತಾನ."

ಕೈಯಲ್ಲಿದ್ದ ಬಸಿ ಓರೆಯಾಗಿ ಚಹಾ ಪತ್ರಿಕೆಯ ಮೇಲೆ ಚೆಲ್ಲಿತು. ಕಾಕು ಸೆರಗಿನಿಂದ ಒರೆಸಿದರು.

ಪಂಪಿನ ಮನೆಗೆ ಹೋಗಿ ಬಟ್ಟೆಯ ಮೇಲೆ ಕೂತೆ. ಅರವತ್ತೆಂಟು ಸಹಿ, ಅವುಗಳಲ್ಲಿ ಓದಿದ್ದು ಸೊನ್ನೆ. ನನ್ನ ಒಂದು ಸಾಲನ್ನೂ ಅವನು ಓದಿರಲಿಲ್ಲ. ಸರ್ ಮುಂದೆ ನಕ್ಕದ್ದು, ಅವನು ಅದನ್ನು ಅಲ್ಲಿಯೇ ಮೊದಲ ಸಲ ಕೇಳಿದ್ದರಿಂದ. ಎಂಟು ವಾರದಿಂದ ಗೊತ್ತಿದ್ದವನಿಗೆ ಹಾಗೆ ಚಹಾ ಮೂಗಿಗೇರುವುದಿಲ್ಲ. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆದಿರಲಿಲ್ಲ.

ಮತ್ತು ಆ ಮೆಸೇಜ್ ಅವನ ಫೋನಿನಲ್ಲಿತ್ತು. ಅಳಿಸುವ ಅವಧಿ ಎಂದೋ ಮುಗಿದಿತ್ತು. ಆ ಕಾಡಿನಲ್ಲಿ ಕನ್ನಡ ಅಕ್ಷರ ಬಲ್ಲವರು ಒಬ್ಬರೇ, ಸರ್. ಒಂದು ಸಂಜೆ ಅವನು "ಇದನ್ನಟ ಓದ್ರಿ ಸರ್" ಎಂದರೆ ಮುಗಿಯಿತು, ನನ್ನ ಕೆಲಸವೂ. ಅವನು ಬರಲು ಇಪ್ಪತ್ತೆಂಟು ದಿನವಿತ್ತು. ದಿನಚರಿಯಲ್ಲಿ ಆ ದಿನಗಳ ಕೆಳಗೆ ಬರೀ ಅಂಕಿಗಳಿವೆ: 28, 27, 26. ಬೇರೇನೂ ಬರೆದಿಲ್ಲ.

ಸೆಪ್ಟೆಂಬರ್ 21ಕ್ಕೆ ಬಂದ. 23ರಂದು ನಾನು ಅಣ್ಣನ ಗೂಟ ತರಲು ಹೋದೆ, ರಜಿಸ್ಟರನ್ನೂ ಚೀಲದಲ್ಲಿಟ್ಟುಕೊಂಡಿದ್ದೆ. ಕಪ್ಪಾಗಿದ್ದ, ಸೊರಗಿದ್ದ. ಹೊಳೆ ಇನ್ನೂ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಒಡ್ಡಿನ ಮೇಲೆ ಕೂತೆವು. ಅವನೇ ಫೋನ್ ತೆಗೆದು ನನ್ನ ಮುಂದೆ ಹಿಡಿದ.

"ಓದು."

"ಏನು?"

"ನೀ ಕಳಸಿದ್ದು. ನನಗ ಅಕ್ಷರ ಬರೂದಿಲ್ಲ. ಅವ್ವ ಹೇಳ್ಯಾಳಂತಲ್ಲ, ಇನ್ನ ಮ್ಯಾಲ ಯಾಕ ನಾಟಕಾ."

"ಸರ್ ಕಡೆಯಿಂದ ಓದಸಲಿಲ್ಲೇನು?"

"ಮನಸಿಗಿ ಬಂದಿತ್ತು. ಆದರ ಇಷ್ಟುದ್ದ ಬರದೀ ಅಂದಮ್ಯಾಲ ಅದು ನನಗ ಬರದದ್ದು. ಬ್ಯಾರೇರ ಬಾಯಾಗ ಹಾಕೂದು ಛಲೋ ಅಲ್ಲ ಅಂತ ಬಿಟ್ಟೆ."

ಫೋನ್ ತೆಗೆದುಕೊಂಡು ಓದಿದೆ. ಬಾಯಿಗೆ ಬಂದದ್ದನ್ನು ಓದಿದೆ. ನೀನು ಹೇಳುವುದನ್ನೆಲ್ಲ ಕೇಳಿ ಖುಷಿಯಾಗುತ್ತದೆ, ಇಲ್ಲಿ ಮಳೆ ಜೋರಾಗಿದೆ, ಸರ್ ಆರೋಗ್ಯ ನೋಡಿಕೋ, ಗೂಟ ಕಳೆಯಬೇಡ. ಪರದೆಯನ್ನು ಒಮ್ಮೆ ಮೇಲೆ ಸರಿಸಿ ನಿಲ್ಲಿಸಿದೆ.

ಅವನು ಹೊಳೆಯ ಕಡೆ ನೋಡುತ್ತಿದ್ದ. "ನಾ ನೋಡುಮುಂದ ಬೆರಳಲೆ ನಾಕ ಸಲ ಸರಿಸಿದ್ದೆ," ಎಂದ. "ನೀ ಒಂದ ಸಲ ಸರಿಸಿದಿ."

ಪ್ರಾಣಿ ನೋಡಿ ಕಲಿತ ಕಣ್ಣು. ಅದರ ಮುಂದೆ ಅಡಗಲು ಯಾವ ಬಟ್ಟೆಯೂ ಸಾಲದು. ಮತ್ತೆ ಮೊದಲಿನಿಂದ ಓದಿದೆ, ಇದ್ದದ್ದನ್ನೇ. ಕಳ್ಳ ಎಂದದ್ದು, ಸೋಮಾರಿ ಎಂದದ್ದು, ಹೊಲ ಹೊಳೆಯ ಮಾತು. ಆನೆಯ ಸಾಲು ಬಂತು. ಅದನ್ನೂ ಓದಿದೆ. ನಾಲ್ಕು ಸಲ ಸರಿಸಿದೆ.

ಒಂದು ಮಿಂಚುಳ್ಳಿ ಎರಡು ಸಲ ನೀರಿಗೆ ಬಿದ್ದು ಎರಡು ಸಲವೂ ಬರಿದಾಗಿ ಎದ್ದಿತು.

"ಬಂದಿತ್ತು," ಎಂದ ಕೊನೆಗೆ. "ಆದರ ತುಳೀಲಿಲ್ಲ. ನಿನ್ನ ಮಾತ ಅರ್ಧಾ ಕೇಳೈತಿ."

ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಬರೆದಿಟ್ಟಿಲ್ಲ. ತಪ್ಪಾಯಿತು ಎಂದೆ. "ನಾ ಓದದ ಸಹಿ ಮಾಡಿದ್ದೂ ಕಳ್ಳತನನ," ಎಂದು ಚೀಲದ ಕಡೆ ಕೈ ಚಾಚಿದ. "ತಗಿ ಅದನ್ನ. ನೀ ಓದು, ನಾ ಕೇಳತೀನಿ. ಕೇಳಿ ಸಹಿ ಮಾಡತೀನಿ."

ಮೊದಲ ಪುಟದಿಂದ ಓದತೊಡಗಿದೆ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ, ಮರೆಯೊಳಗೆ ಗೊರಕೆ ಹೊಡೆಯುವಾಗಿನ ಹಾಗೆಯೇ. ಒಂದೊಂದು ಪುಟಕ್ಕೂ ಕಣ್ಣು ತೆರೆದು ಹಳೆಯ ಸಹಿಯ ಕೆಳಗೆ ಇನ್ನೊಂದು ಮಾಡುತ್ತಿದ್ದ. ಫೆಬ್ರುವರಿ 19ಕ್ಕೆ ಬಂದೆ. ನನ್ನ ಸರದಿಯ ದಿನ, ನನಗೆ ಮೊದಲ ಸಲ ಗುಂಪು ಸಿಕ್ಕ ದಿನ. "ಬೆಳಿಗ್ಗೆ ಏಳೂ ನಲವತ್ತು. ನೀರುನಾಯಿ ನಾಲ್ಕು."

"ನಾಕಲ್ಲ," ಎಂದ ಅವನು, ಕಣ್ಣು ತೆರೆಯದೆ. "ಐದು. ಐದನೇದ್ದು ಹಿಂದಿನಿಂದ ಬಂದು ನಿನ್ನ ಬೆನ್ನಿಗಿ ಹತ್ತಿ ಕುಂತಿತ್ತು. ಬಟ್ಟಿ ಮ್ಯಾಲ ಮೈ ಒರಸಿಕೊಂತಿತ್ತು. ನಾ ಇಲ್ಲೇ ಕುಂತು ನೋಡಿದ್ದೆ."

"ಆವತ್ತ ಯಾಕ ಹೇಳಲಿಲ್ಲೋ?"

"ನೀ ಎಣಸಾಕತ್ತಿದ್ದಿ. ಒದರಿದ್ದರ ಅದು ಓಡತಿತ್ತು."

ಬೆನ್ನಿನ ಮೇಲೆ, ಒಂದು ಬಟ್ಟೆಯ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆವತ್ತು ನಾನು ಮುಂದಿನ ನಾಲ್ಕನ್ನು ಎಣಿಸುತ್ತಿದ್ದೆ. ಜಾಂಬಿಯಾದ ಇಪ್ಪತ್ತೆರಡು ಪ್ರಾಣಿಗಳ ಪಟ್ಟಿ ಮಾಡುವಾಗಲೂ ನನಗೆ ಇಷ್ಟು ಉರಿದಿರಲಿಲ್ಲ. ಆದರೆ ಈ ಸಲದ ಉರಿಗೆ ಕಾರಣ ಸರಿಯಾಗಿತ್ತು: ಅವನು ಕಂಡಿದ್ದ, ನಾನು ಕಂಡಿರಲಿಲ್ಲ. ನಾಲ್ಕನ್ನು ಹೊಡೆದು ಐದು ಬರೆದೆ. ಪೆನ್ನನ್ನು ಅವನಿಗೆ ಕೊಟ್ಟೆ, ಅವನು ಸಹಿ ಮಾಡಿದ.